ಐವತ್ತಾರನೆಯ ಸಹಿ

ವರ್ತಕ ನಗರ, ಠಾಣೆ
೨೫ ನವೆಂಬರ್ ೨೦೧೧, ಶುಕ್ರವಾರ

ಪೂನಂಳ ಅಪ್ಪನವರಿಗೆ ನೀಲಗಂಗಾ ಮಾಡುವ ನಮಸ್ಕಾರ.

ನಿಮ್ಮ ಆರೋಗ್ಯ ಹೇಗಿದೆ? ದೋಹಾದಲ್ಲಿ ಈಗ ಬಿಸಿಲು ಇಳಿದಿರಬೇಕು. ಕೆಮ್ಮು ನಿಂತಿತೇ? ಭಿವಂಡಿಯ ಗೋದಾಮಿನಲ್ಲಿದ್ದಾಗ ಹತ್ತಿದ ಕೆಮ್ಮು ಅದು, ಅಲಕ್ಷ್ಯ ಮಾಡಬೇಡಿ. ಇಲ್ಲಿ ನಿಮ್ಮ ಅವ್ವ ಗಟ್ಟಿಯಾಗಿದ್ದಾರೆ. ಪೂನಂಗೆ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ. ಓದು ಬಿಟ್ಟು ಬೇರೆ ಮಾತಿಲ್ಲ. ಫೋನಿನಲ್ಲಿ ನಾನು ಕಟ್ಟಡದ ವಿಷಯ ತೆಗೆದಾಗಲೆಲ್ಲ ನಿಮ್ಮ ಕಡೆ ಲೈನ್ ಕಟ್ಟಾಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದಿ.

ಎರಡು ವರ್ಷ ನಾನು ಏನು ಮಾಡುತ್ತಿದ್ದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಶಾಲೆಯ ಆಫೀಸಿನಿಂದ ಬಂದವಳು ಚಹಾ ಕುಡಿದು, ನೆಲಮಹಡಿಯ ಮಾಪಣ್ಣ ಕಾಕಾನ ಜೊತೆ ಮನೆಮನೆ ಹತ್ತಿ ಇಳಿದೆ. ನಮ್ಮ ಎಂಬತ್ತು ಮನೆಗಳ ಕಟ್ಟಡ ಮುಪ್ಪಾಗಿದೆ, ನಿಜ. ಪ್ಲಾಸ್ಟರು ಉದುರುತ್ತದೆ, ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಸೋರುವ ಕಡೆ ಪಾತ್ರೆ ಇಡಬೇಕು. ಆದರೆ ಕಂಬಗಳು ಭದ್ರವಾಗಿವೆ ಎಂದು ಎಂಜಿನಿಯರ್ ಬರೆದುಕೊಟ್ಟಿದ್ದರು. ಮೂವತ್ತು ವರ್ಷ ಓವರ್‌ಸಿಯರ್ ಆಗಿದ್ದ ಕಾಕಾ ತಾವೇ ನಕ್ಷೆ ಬರೆದಿದ್ದರು. ಒಂದು ಸಲಕ್ಕೆ ಒಂದೇ ಭಾಗ ದುರಸ್ತಿ ಮಾಡುವುದು, ಆ ಭಾಗದವರು ಅಷ್ಟು ದಿನ ಉಳಿದವರ ಮನೆಗಳಲ್ಲಿ ಹೊಂದಿಕೊಂಡಿರುವುದು, ಯಾರೂ ಊರು ಬಿಟ್ಟು ಹೋಗದಿರುವುದು. ಸಹಕಾರಿ ಬ್ಯಾಂಕು ಸಾಲಕ್ಕೆ ಒಪ್ಪಿತ್ತು. ಕಟ್ಟಡ ಕೆಡವಿ ಟವರ್ ಎಬ್ಬಿಸಬೇಕೆಂದಿದ್ದ ಬಿಲ್ಡರಿಗೆ ಬೇಕಾದದ್ದು ನೂರಕ್ಕೆ ಎಪ್ಪತ್ತು ಮಾಲೀಕರ ಒಪ್ಪಿಗೆ, ಅಂದರೆ ಐವತ್ತಾರು ಸಹಿ. ಅವನ ಬಳಿ ಐವತ್ತೈದು ಇದ್ದವು. ಆರು ತಿಂಗಳಿಂದ ಅವನ ಗಾಡಿ ಅಲ್ಲೇ ನಿಂತಿತ್ತು. ಇನ್ನೊಂದು ಸಹಿ ಸಿಗದಂತೆ ನೋಡಿಕೊಂಡರೆ ಸಾಕಿತ್ತು.

ಈ ತಿಂಗಳ ಹದಿಮೂರರಂದು ಶಾಲೆಯ ಹಾಲ್‌ನಲ್ಲಿ ಸಭೆ. ಸರಕಾರಿ ಸಾಹೇಬರು ಒಪ್ಪಿಗೆ ಕೊಟ್ಟವರ ಹೆಸರು ಓದುತ್ತಾ ಹೋದರು. ನಾನು ಮೊದಲನೇ ಸಾಲಿನಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದೆ. ಐವತ್ತೈದು ಮುಗಿಯಿತು. ಸಾಹೇಬರು ಹಾಳೆ ಮಗುಚಿ, "ಖೋಲಿ ನಂಬರ್ ನಲವತ್ತೇಳು, ಸಿದ್ಧೇಶ್ವರ ಕೋರಿ" ಎಂದರು. ನನಗೆ ಮೊದಲು ಅದು ಯಾರ ಹೆಸರು ಎಂದೇ ಹೊಳೆಯಲಿಲ್ಲ ನೋಡಿ. ಹಿಂದೆ ಯಾರೋ ನಕ್ಕರು. "ಸಾಹೇಬ್, ಚೂಕ್ ಆಗ್ಯದ, ಅದು ನಮ್ಮ ಮನಿ" ಎಂದು ನಾನು ಎದ್ದು ನಿಂತೆ. ಅವರು ಕಾಗದವನ್ನೇ ನನ್ನ ಕೈಗೆ ಕೊಟ್ಟರು. ನಿಮ್ಮದೇ ಸಹಿ. ಕೆಳಗೆ ತಾರೀಖು, ಸೆಪ್ಟೆಂಬರ್ ಹನ್ನೊಂದು.

ಆ ದಿನ ಅನಂತ ಚತುರ್ದಶಿ. ಬೆಳಿಗ್ಗೆ ನಮ್ಮ ಮನೆಯಲ್ಲೇ ಇಪ್ಪತ್ತು ಹೆಂಗಸರು ಕೂತಿದ್ದರು, ನೀವು ಎಲ್ಲರಿಗೂ ಚಹಾ ಕೊಟ್ಟಿರಿ. "ನಮ್ಮ ನೀಲಾ ಲೀಡರ್ ಆಗ್ಯಾಳ" ಎಂದು ನಗಿಸಿದಿರಿ. ಮೆಟ್ಟಿಲ ಗೋಡೆಗೆ ನಮ್ಮ ಪೋಸ್ಟರು ಅಂಟಿಸಿದವರೂ ನೀವೇ. ಮಧ್ಯಾಹ್ನ ಉಲ್ಹಾಸನಗರಕ್ಕೆ ಬ್ಯಾಗು ತರಲು ಹೋದಿರಿ. ಬ್ಯಾಗು ತಂದಿರಿ, ಸಂಜೆ ಗಣಪತಿ ಕಳಿಸಲು ಎಲ್ಲರ ಜೊತೆ ಕೊಳದವರೆಗೂ ಬಂದಿರಿ, ಮರುದಿನ ವಿಮಾನ ಹತ್ತಿದಿರಿ. ನಡುವೆ ಎಲ್ಲಿ ಕೂತು ಸಹಿ ಮಾಡಿದಿರಿ ಎಂದು ನಾನು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಮನೆ ನಿಮ್ಮ ಹೆಸರಿನಲ್ಲಿದೆ, ಸಹಿಯ ಹಕ್ಕೂ ನಿಮ್ಮದೇ. ಹಾಗಿದ್ದರೆ ನನ್ನ ಎದುರಿಗೇ, ನಿನ್ನ ದುರಸ್ತಿ ನನಗೆ ಒಪ್ಪಿಗೆಯಿಲ್ಲ ಎಂದು ಹೇಳಬಹುದಿತ್ತು. ಜಗಳವಾಡುತ್ತಿದ್ದೆವು, ಅಷ್ಟೇ. ನೀವು ಚಹಾ ಕೊಟ್ಟಿರಿ.

ಮಾಪಣ್ಣ ಕಾಕಾ ಅಲ್ಲೇ ನಕ್ಷೆಯನ್ನು ಸುರುಳಿ ಸುತ್ತಿ, ರಬ್ಬರ್‌ಬ್ಯಾಂಡ್ ಹಾಕಿ ಎದ್ದು ಹೋದರು. ನೀವು ಸಹಿ ಮಾಡಿದ್ದು ಗೊತ್ತಿದ್ದೂ ನಾನು ಮುಚ್ಚಿಟ್ಟಿದ್ದೆ ಎಂದು ಅರ್ಧ ಕಟ್ಟಡ ನಂಬಿದೆ. ಬಿಲ್ಡರ್ ನನಗೆ ಎಷ್ಟು ಕೊಟ್ಟ ಎಂದು ನೀರಿನ ಟಾಕಿಯ ಹತ್ತಿರ ಒಬ್ಬಳು ಕೇಳಿಯೇ ಬಿಟ್ಟಳು.

ಪಕ್ಕದ ಮನೆಯ ದ್ರೌಪದಿ ಬಾಯಿ ಹಾಗೆ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. ಇಪ್ಪತ್ತೆರಡು ವರ್ಷದ ಬಾಡಿಗೆದಾರಳು. ಪೂನಂಳನ್ನು ತನ್ನ ಮಡಿಲಲ್ಲಿ ಹಾಕಿಕೊಂಡು ಸಾಕಿದವಳು. ಟವರಿನ ಕರಾರಿನಲ್ಲಿ ಮಾಲೀಕರಿಗೆ ಮಾತ್ರ ಜಾಗ, ಅವಳಂಥವರ ಹೆಸರು ಎಲ್ಲೂ ಇಲ್ಲ. ಕಾಕಾನ ನಕ್ಷೆಯಲ್ಲಿ ಅವಳ ಒಲೆಯ ಜಾಗ ಕೂಡ ಇತ್ತು. ಸೋಮವಾರ ಅವಳು ಟೆಂಪೊದಲ್ಲಿ ಸಾಮಾನು ಹಾಕಿಕೊಂಡು ಟಿಟ್ವಾಳಾದ ಆಚೆಯ ಒಂದು ಖೋಲಿಗೆ ಹೋದಳು. ಅವಳು ಮಾಡಿ ಮಾರುವ ಚಪಾತಿ ಕೊಳ್ಳುವವರೆಲ್ಲ ಇಲ್ಲಿದ್ದಾರೆ. ಅಲ್ಲಿ ಯಾರಿಗೆ ಲಟ್ಟಿಸುತ್ತಾಳೋ. ನಾನು ಅಳುತ್ತಿದ್ದೆ. "ಜಾವೂ ದ್ಯಾ ವಹಿನಿ, ಬಿಡಿ, ನೀವು ಮಾಡಿದ್ದಲ್ಲ" ಎಂದು ಅವಳೇ ನನ್ನ ಕಣ್ಣು ಒರೆಸಿದಳು.

ನೀವು ಫೋನಿನಲ್ಲಿ ಒಂದೇ ಸಲ ಕಾರಣ ಹೇಳಿದಿರಿ. "ನಿನಗೇನ ತಿಳೀತದ, ಟವರಿಗೆ ಲಿಫ್ಟ್ ಇರ್ತದ, ಅವ್ವಗ ಮೂರು ಮಾಳಗಿ ಹತ್ತೂದು ತಪ್ಪತದ" ಎಂದಿರಿ. ಅದನ್ನು ಅವ್ವನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು, "ನನ್ನ ಮೊಣಕಾಲ ಹೆಸರ ಯಾಕ ತಗೋತಾನವ? ನಾ ಏನ ಅವನ ಮುಂದ ಅತ್ತೀನೇನು?" ಎಂದರು. ಮತ್ತೆ ಮೊರ ಎತ್ತಿಕೊಂಡರು. ಟವರಿನ ಲಿಫ್ಟು, ವಾಚ್‌ಮನ್ನು, ಹೂದೋಟ ಎಲ್ಲದಕ್ಕೂ ತಿಂಗಳು ತಿಂಗಳು ಕಟ್ಟಬೇಕಾದದ್ದನ್ನು ಕೇಳಿಯೇ ಹದಿನಾಲ್ಕು ಮನೆಯವರು ಈಗಲೇ ಮಾರಲು ಗಿರಾಕಿ ಹುಡುಕುತ್ತಿದ್ದಾರೆ. ಕಟ್ಟಡ ಎದ್ದು ನಿಲ್ಲುವ ಹೊತ್ತಿಗೆ ಅದರಲ್ಲಿ ನಮ್ಮವರು ಯಾರೂ ಇರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ಖೋಲಿಯಲ್ಲಿರುವ ಬಿಜಾಪುರದ ಹುಡುಗರಿಗೆ ನಮ್ಮ ನೆನಪು ತಿಳಿಸಿ. ಅವ್ವನ ಆಶೀರ್ವಾದ ಬರೆಯಲೇ ಎಂದು ಕೇಳಿದೆ. "ಬರಿ, ತಾಯಿ ಅಲ್ಲೇನು" ಎಂದರು. ಬರೆದಿದ್ದೇನೆ.

ನೀಲಗಂಗಾ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿದ್ದೇನೆ. ಟವರ್ ಏಳುವವರೆಗೆ ಬಿಲ್ಡರ್ ಕೊಡುವ ತಾತ್ಕಾಲಿಕ ಫ್ಲ್ಯಾಟಿಗೆ ನಾವು ಹೋಗುವುದಿಲ್ಲ. ಅದರ ಕೀಲಿಕೈ ನಿಮ್ಮ ಹೆಸರಿನಲ್ಲಿ ಅವನ ಆಫೀಸಿನಲ್ಲೇ ಇರುತ್ತದೆ. ಕಲ್ಯಾಣದಲ್ಲಿ ಎರಡು ಖೋಲಿ ಹಿಡಿದಿದ್ದೇನೆ, ಕರಾರು ನನ್ನ ಹೆಸರಿನಲ್ಲಿದೆ, ಒಂದನೇ ತಾರೀಖಿಗೆ ಹೋಗುತ್ತೇವೆ. ಇದನ್ನು ಅವ್ವನಿಗೆ ಹೇಗೆ ಹೇಳಲಿ, ಅವರನ್ನು ಯಾರ ಹತ್ತಿರ ಬಿಡಲಿ ಎಂದು ನಾಲ್ಕು ದಿನ ಒದ್ದಾಡಿದೆ. ಇವತ್ತು ಬೆಳಿಗ್ಗೆ ನೋಡಿದರೆ ಅವರು ತಮ್ಮ ಸೀರೆಗಳನ್ನು ಟ್ರಂಕಿನಲ್ಲಿ ಇಡುತ್ತಿದ್ದರು. ಎಲ್ಲಿಗೆ ಅವ್ವಾ ಎಂದೆ. "ನೀ ಹೊಂಟಲ್ಲಿಗೆ" ಎಂದರು. ಮುಂದಿನ ರಜೆಗೆ ಬರುವುದಿದ್ದರೆ ಮೊದಲೇ ಕಾಗದ ಬರೆದು ಕೇಳಿ. ಬರಬಹುದೋ ಬೇಡವೋ, ನಾವು ಮೂವರೂ ಕೂತು ಮಾತಾಡಿ ತಿಳಿಸುತ್ತೇವೆ.