ಮೊದಲನೇದಾ, ಎರಡನೇದಾ?

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಹತ್ತು ಗಿರಾಕಿ. ಏಳು ಜನರಿಗೆ ದೂರದ್ದು, ಇಬ್ಬರಿಗೆ ಓದುವುದು. ಹತ್ತನೆಯವರಿಗೆ ಕಣ್ಣು ಸರಿಯಾಗಿಯೇ ಇದೆ, ಮಗಳ ಕನ್ನಡಕ ಚೆನ್ನಾಗಿ ಕಾಣುತ್ತದೆಂದು ತನಗೂ ಬೇಕಂತೆ. ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, 'ಮೊದಲನೇದಾ, ಎರಡನೇದಾ? ಯಾವುದು ಕ್ಲಿಯರ್?' ಮೂವತ್ತು ವರ್ಷದಿಂದ ಇದೇ ಪ್ರಶ್ನೆ. ನಿದ್ದೆಯಲ್ಲೂ ಕೇಳುತ್ತೇನೆಂದು ಪಕ್ಕದಲ್ಲಿ ಮಲಗುವ ಇವಳ ದೂರು.

ಅಂಗಡಿಯ ಹಿಂದಿನ ರೂಮಿನಲ್ಲಿ ಅಕ್ಕ ಚಕ್ರದ ಮುಂದೆ. ಲೆನ್ಸನ್ನು ಫ್ರೇಮಿನ ಅಳತೆಗೆ ಉಜ್ಜುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಆ ಕರ್ಕಶ ಸದ್ದಿನ ಪಕ್ಕ ಕೂತು ಕಿವಿ ಕಳೆದುಕೊಂಡಳು. ಚಕ್ರದ ಪೆಟ್ಟಿಗೆಯಲ್ಲಿ ಕಿವಿ ಮುಚ್ಚಿಕೊಳ್ಳಲು ತಲೆಪಟ್ಟಿಗೆ ಜೋಡಿಸಿದ ಒಂದು ಜೊತೆ ದಪ್ಪ ಕಪ್ಪು ಬಟ್ಟಲು ಬಂದಿತ್ತು. ಎಲ್ಲಿಟ್ಟೆನೋ. ಹುಡುಕಲಿಲ್ಲ. ಆಮೇಲೆ ಕೇಳುವ ಮೆಷಿನ್ ಕೊಡಿಸಿದೆ, ಕಿವಿಗೆ ಇಟ್ಟುಕೊಳ್ಳುವುದು. ಕರಕರ ಅನ್ನುತ್ತದೆಂದು ಡ್ರಾಯರಿಗೆ ಹಾಕಿದಳು. ಈಗ ಮೇಜು ಎರಡು ಸಲ ಕುಟ್ಟಿದರೆ ಊಟ, ಮೂರು ಸಲ ಕುಟ್ಟಿದರೆ ಅರ್ಜೆಂಟ್ ಕೆಲಸ. ಉಳಿದದ್ದಕ್ಕೆಲ್ಲ ಚೀಟಿ.

ಇವತ್ತು ಫ್ರೇಮ್ ಕಂಪನಿಯವನು ಬಂದು ಮೂರು ಟಿಕೆಟ್ ಕೊಟ್ಟ. ಒಳ್ಳೇ ಡೀಲರ್ ಎಂದು ಬಹುಮಾನ. ಹೆಲಿಕಾಪ್ಟರ್! ಎಂಟು ನಿಮಿಷ, ಸಮುದ್ರ, ಬಂದರು, ಊರೆಲ್ಲ ಒಂದು ಸುತ್ತು.

ಇವಳು ಟಿಕೆಟ್ಟನ್ನು ಎರಡು ಸಲ ಎಣಿಸಿದಳು. "ಮೂರು ಯಾಕ್ರೀ? ನಾವು ಇಬ್ಬರಲ್ವಾ?"

"ಅಕ್ಕ?"

"ಹೌದಲ್ಲ. ಕರ್ಕೊಂಡು ಹೋಗೋಣ. ಅದೇ ದಿನ ವಿಷಯನೂ ಹೇಳಿಬಿಡಿ."

ವಿಷಯ ಎಂದರೆ ಲೆನ್ಸನ್ನು ತಾನೇ ಉಜ್ಜುವ ಹೊಸ ಆಟೋಮ್ಯಾಟಿಕ್ ಮೆಷಿನ್. ಅದಕ್ಕೆ ಧೂಳಿಲ್ಲದ, ಎ.ಸಿ. ಇರುವ ರೂಮು ಬೇಕು. ಇರುವುದು ಹಿಂದಿನ ರೂಮು ಒಂದೇ. ಅಕ್ಕ ಕೆಲಸ ಮಾಡುವುದೂ ಅಲ್ಲೇ, ಮಲಗುವುದೂ ಅಲ್ಲೇ. ತಂಗಿ ತನ್ನ ಮನೆಗೆ ಕಳಿಸು ಎಂದಿದ್ದಾಳೆ, ರೈಲಿನಲ್ಲಿ ಒಂದು ದಿನದ ದಾರಿ. 20ಕ್ಕೆ ಇಂಜಿನಿಯರ್ ಬಂದು ಅಳತೆ ತೆಗೆಯುತ್ತಾನೆ. ಅಷ್ಟರೊಳಗೆ ಅಕ್ಕನಿಗೆ ಹೇಳಬೇಕು. ಚೀಟಿ ಬರೆಯಲು ಮೂರು ಸಲ ಕೂತೆ. 'ಅಕ್ಕಾ' ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗುವುದಿಲ್ಲ.

ಇದನ್ನೆಲ್ಲ ಮಾತಾಡುವಾಗ ಅಕ್ಕ ನಮ್ಮ ಎದುರಿಗೇ ಕೂತು ಊಟ ಮಾಡುತ್ತಿದ್ದಳು.

ಮಾರ್ಚ್ 9, ಭಾನುವಾರ. ಸಂಜೆ ಆರು

ಹೋಗಿ ಬಂದೆವು. ಕ್ರಮವಾಗಿ ಬರೆದರೆ ಏನಾದರೂ ತಿಳಿದೀತು.

ಅಲ್ಲಿ ಮೊದಲು ತೂಕ ಮಾಡುತ್ತಾರೆ. ಕೌಂಟರಿನ ಹುಡುಗಿ ಒಬ್ಬೊಬ್ಬರನ್ನೇ ಹತ್ತಿಸಿ ಗಟ್ಟಿಯಾಗಿ ಓದಿದಳು. ಅಕ್ಕ ನಲವತ್ತಮೂರು. ನಾನು ಎಪ್ಪತ್ತೊಂದು. ಇವಳದು ಬರೆಯುವುದಿಲ್ಲ, ಈ ಪುಸ್ತಕ ನಾಳೆ ಯಾರ ಕೈಗೆ ಸಿಗುತ್ತದೋ. ಹಗುರ ಇದ್ದವರು ಮುಂದೆ, ಪೈಲಟ್ ಪಕ್ಕ. ಹಾಗಾಗಿ ಅಕ್ಕ ಮುಂದೆ, ನಾವಿಬ್ಬರು ಹಿಂದೆ.

ಪೈಲಟ್ ಎಲ್ಲರಿಗೂ ಹೆಡ್‌ಫೋನ್ ಕೊಟ್ಟ. ಬಾಯಿಯ ಮುಂದೆ ಬರುವ ಮೈಕ್ ಇರುವಂಥದ್ದು. ಅಕ್ಕ ತನ್ನದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಚಕ್ರದ ಜೊತೆ ಬಂದಿತ್ತಲ್ಲೋ ಪುಟ್ಟಾ, ಅಂಥದ್ದು," ಎಂದಳು. ಐವತ್ತೇಳು ವರ್ಷದ ಗಂಡಸನ್ನು ಪುಟ್ಟಾ ಎಂದು ಕರೆದದ್ದಕ್ಕೆ ಪೈಲಟ್ ನಕ್ಕ. ನಾನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದೆ.

ಅವಳಿಗೆ ಕಿವಿ ಕೇಳಿಸದು ಎಂದು ಸನ್ನೆ ಮಾಡಿದೆ. ಪೈಲಟ್ ತಲೆಯಾಡಿಸಿ ಅವಳ ಹೆಡ್‌ಫೋನಿನ ಬದಿಯಲ್ಲಿ ಏನೋ ತಿರುಗಿಸಿದ. ಆಗ ಗಮನ ಕೊಡಲಿಲ್ಲ.

ಮೇಲೆದ್ದಾಗ ಹೊಟ್ಟೆ ಕೆಳಗೇ ಉಳಿಯಿತು. ಆಮೇಲೆ ಊರು. ಬಂದರಿನ ಕ್ರೇನ್‌ಗಳು, ಸಮುದ್ರಕ್ಕೆ ಕೈ ಚಾಚಿದ ಕಲ್ಲಿನ ಕಟ್ಟೆ, ಬಿಳಿ ನೊರೆಯ ಗೆರೆ. ದಿನಾ ನಡೆದಾಡುವ ಊರೇ, ಆದರೆ ಒಂದು ಬೀದಿಯೂ ಗುರುತು ಸಿಗಲಿಲ್ಲ. ಮಾರ್ಕೆಟ್ ಎಂದುಕೊಂಡದ್ದು ಬಸ್ ಸ್ಟ್ಯಾಂಡ್. ಬಸ್ ಸ್ಟ್ಯಾಂಡ್ ಎಂದುಕೊಂಡದ್ದು ಯಾವುದೋ ಗೋಡೌನು. ಎಲ್ಲರ ಕಣ್ಣು ಪರೀಕ್ಷೆ ಮಾಡುವವನು ನಾನು!

ಆಗ ಇವಳ ದನಿ ನನ್ನ ಕಿವಿಯೊಳಗೇ ಬಂತು, ಪಿಸುಗುಟ್ಟಿದ ಹಾಗೆ. "ರೀ, ಕೆಳಗಿಳಿದ ಮೇಲೆ ಇವತ್ತಾದರೂ ಅಕ್ಕಂಗೆ ಹೇಳ್ತೀರಾ?"

ನಾನು ಅಂದೆ. ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. "ಹೇಳ್ತೀನಿ ಕಣೇ. ಮೆಷಿನ್ ಬಂದ್ಮೇಲೆ ಅವಳು ಇದ್ದು ಮಾಡೋದಾದರೂ ಏನು? ಕಿವಿ ಹೋಯ್ತು, ಕೆಲಸವೂ ಹೋಗುತ್ತೆ. ತಂಗಿ ಮನೇಲಿ ಒಂದು ಮೂಲೇಲಿ ಇರ್ತಾಳೆ ಬಿಡು."

ಒಂದು ಮೂಲೆಯಲ್ಲಿ. ಈ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ.

ಅಕ್ಕ ತಿರುಗಲಿಲ್ಲ. ಅವಳ ತಲೆಯ ಹಿಂಭಾಗ, ಬಿಳಿ ತುರುಬು, ಅದರ ಮೇಲೆ ಹೆಡ್‌ಫೋನಿನ ಪಟ್ಟಿ. ಅಷ್ಟೇ ಕಾಣುತ್ತಿತ್ತು.

"ಎಡಗಡೆ ಲೈಟ್‌ಹೌಸ್," ಎಂದ ಪೈಲಟ್. ಅಕ್ಕ ಎಡಕ್ಕೆ ನೋಡಿದಳು. "ನಿಮ್ಮ ಮನೆ ಎಲ್ಲಿ ಬರುತ್ತೆ?" ಎಂದ. ನಾನು ಹುಡುಕುತ್ತಲೇ ಇದ್ದೆ. ಅಕ್ಕ ಬೆರಳು ಚಾಚಿ ತೋರಿಸಿದಳು. ಹೌದು, ಅದೇ ತಾರಸಿ, ಅವಳ ನೀಲಿ ಬಕೆಟ್ಟು, ಒಣಗಲು ಹಾಕಿದ ಅವಳ ಸೀರೆ.

ಇಳಿದ ಮೇಲೆ ಪೈಲಟ್ ನನ್ನನ್ನು ಪಕ್ಕಕ್ಕೆ ಕರೆದ. ಮುಖ ಚಿಕ್ಕದು ಮಾಡಿಕೊಂಡಿದ್ದ. "ಸರ್, ಮೊದಲೇ ಹೇಳಬೇಕಿತ್ತು. ನಾಲ್ಕೂ ಹೆಡ್‌ಫೋನ್ ಒಂದೇ ಲೈನು. ಒಬ್ಬರು ಮಾತಾಡಿದ್ರೆ ಎಲ್ಲರಿಗೂ ಕೇಳುತ್ತೆ. ಆ ಅಮ್ಮಂಗೆ ವಾಲ್ಯೂಮ್ ಫುಲ್ ಇಟ್ಟಿದ್ದೆ."

ಅಕ್ಕ ದೂರದಲ್ಲಿ ನಿಂತು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

ಮಾರ್ಚ್ 10, ಸೋಮವಾರ

ಕೇಳಿಸಿತೋ ಇಲ್ಲವೋ?

ಕೇಳಿಸಿರಬೇಕು. ಲೈಟ್‌ಹೌಸ್ ಎಂದಾಗ ಎಡಕ್ಕೆ ತಿರುಗಿದಳು. ಆದರೆ ಪೈಲಟ್ ಕೈಯನ್ನೂ ತೋರಿಸಿದ್ದ… ತೋರಿಸಿದ್ದನೇ? ಇವಳು ತೋರಿಸಿದ್ದ ಎನ್ನುತ್ತಾಳೆ. ನನಗೆ ನೆನಪಿಲ್ಲ. ಮನೆ ತೋರಿಸಿದ್ದು ಪ್ರಶ್ನೆ ಕೇಳಿಸಿದ್ದಕ್ಕೋ, ತನ್ನ ಬಕೆಟ್ಟು ಕಂಡ ಖುಷಿಗೋ?

ಅಕ್ಕ ಎಂದಿನ ಹಾಗೆಯೇ ಇದ್ದಾಳೆ. ಬೆಳಿಗ್ಗೆ ಕಾಫಿ ಲೋಟ ತೊಳೆದಿಟ್ಟು ಚಕ್ರದ ಮುಂದೆ ಕೂತಳು. ಎಂಟು ಜೊತೆ ಮುಗಿಸಿದಳು. ಒಂದೂ ಒಡೆಯಲಿಲ್ಲ.

"ಕೇಳಿಸಿದ್ರೆ ಒಳ್ಳೇದೇ ಆಯ್ತು ಬಿಡಿ," ಎಂದಳು ಇವಳು. "ಹೇಳೋ ಕೆಲಸ ತಪ್ಪಿತು."

ಹಾಗೆಂದವಳು ಆಮೇಲೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ.

ಮಾರ್ಚ್ 11, ಮಂಗಳವಾರ

ಪರೀಕ್ಷೆ ಮಾಡಿದೆ. ಅಕ್ಕನ ಬೆನ್ನ ಹಿಂದೆ ನಿಂತು ಸ್ಟೀಲ್ ಟ್ರೇ ನೆಲಕ್ಕೆ ಬೀಳಿಸಿದೆ. ಅಂಗಡಿಯಲ್ಲಿದ್ದ ಗಿರಾಕಿ ಕುರ್ಚಿಯಿಂದ ಹಾರಿಬಿದ್ದ. ಅಕ್ಕ ಅಲುಗಲಿಲ್ಲ. ಲೆನ್ಸಿನ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

ಹಾಗಾದರೆ ಕೇಳಿಸಿಲ್ಲ. ಸಮಾಧಾನ.

ಆದರೆ ಚಕ್ರ ತಿರುಗುತ್ತಿತ್ತು. ಅದರ ಪಕ್ಕ ಯಾರಿಗೆ ತಾನೇ ಏನು ಕೇಳಿಸೀತು? ಗಿರಾಕಿ ದೂರದಲ್ಲಿದ್ದ. ಮತ್ತೆ ಮೊದಲಿಗೇ ಬಂದೆ.

ಮಾರ್ಚ್ 12, ಬುಧವಾರ

ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

ಇವಳು ನನಗೆ "ಉಪ್ಪು ಕಡಿಮೆ ಆಗಿದೆಯಾ?" ಎಂದಳು. ಮೆಲ್ಲಗೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಉಪ್ಪಿನ ಡಬ್ಬಿ ಈ ಕಡೆ ತಳ್ಳಿದಳು. ತಳ್ಳುವಾಗ ಇವಳ ಮುಖ ನೋಡುತ್ತಿದ್ದಳು. ಮುಖ ಅಲ್ಲ. ತುಟಿ.

ತುಟಿ ಓದುತ್ತಾಳೆ! ಎಷ್ಟು ವರ್ಷದಿಂದ? ಹಾಗಾದರೆ ಹೆಲಿಕಾಪ್ಟರಿನಲ್ಲಿ ಕೇಳಿಸಿರದಿದ್ದರೂ ಊಟದ ಮೇಜಿನಲ್ಲಿ ಓದಿರುತ್ತಾಳೆ. ಮೆಷಿನ್, ತಂಗಿ, ರೈಲು, 20ನೇ ತಾರೀಕು, ಎಲ್ಲವನ್ನೂ ಅವಳ ಎದುರಿಗೇ ಕೂತು ಬಾಯಿ ತುಂಬ ಮಾತಾಡಿದ್ದೇವೆ. ಯಾವುದು ವಾಸಿ? ಎಂಟು ನಿಮಿಷದಲ್ಲಿ ಒಂದೇ ಸಲ ಕೇಳಿಸಿಕೊಂಡಿದ್ದೋ, ವರ್ಷಗಟ್ಟಲೆ ಸುಮ್ಮನೆ ಓದಿಕೊಂಡಿದ್ದೋ? ತಲೆ ಕೆಟ್ಟು ಗೊಬ್ಬರವಾಗಿದೆ.

ಅಥವಾ ಉಪ್ಪು ನಿಜವಾಗಿಯೂ ಕಡಿಮೆ ಇತ್ತು, ಅವಳಿಗೂ ಅನ್ನಿಸಿತು, ತಳ್ಳಿದಳು. ಅಷ್ಟೇ ಇರಬಹುದಲ್ಲ?

ಮಾರ್ಚ್ 13, ಗುರುವಾರ

ಮನೆ ಹುಚ್ಚಾಸ್ಪತ್ರೆ ಆಗಿದೆ. ಇವಳು ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಾಳೆ. ನಾನು ಗೋಡೆಗೆ ಮುಖ ಮಾಡಿ ಉತ್ತರ ಕೊಡುತ್ತೇನೆ. ಕಿವಿ ಕೇಳಿಸದವಳ ಎದುರು ಇಬ್ಬರೂ ಪಿಸುಪಿಸು.

ಅಕ್ಕ ಸ್ವಲ್ಪ ಹೊತ್ತು ನೋಡಿದಳು. "ನಿಮ್ಮಿಬ್ಬರಿಗೂ ಹಲ್ಲುನೋವಾ?" ಎಂದಳು.

ಇವಳಿಗೆ ನಗು ತಡೆಯಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು. ಆಮೇಲೆ ಮೆಟ್ಟಿಲ ಮೇಲೆ ಕೂತು ನಿಜವಾಗಿಯೇ ಅತ್ತಳು. "ನಂಗೇನು ಅವರ ಮೇಲೆ ಸಿಟ್ಟಾರೀ? ನಂಗೆ ಎರಡು ಸಲ ಹೆರಿಗೆ ಆದಾಗ ನೋಡಿಕೊಂಡವರು ಯಾರು?"

"ಮತ್ತೆ ಕಳಿಸೋಣ ಅಂದಿದ್ದು?"

"ಕಳಿಸೋಣ ಅಂದಿದ್ದು ನೀವು! ನಾನು ಅಂದಿದ್ದು, ಕಳಿಸೋದಾದ್ರೆ ಬಾಯಿಬಿಟ್ಟು ಹೇಳಿ ಅಂತ."

ಹೌದೇ? ಹಿಂದಕ್ಕೆ ಹೋಗಿ ಈ ಪುಸ್ತಕದ ಫೆಬ್ರವರಿ ಪುಟಗಳನ್ನು ತಿರುವಿ ನೋಡಿದೆ. ಹೌದು. ಮೊದಲು ಅಂದವನು ನಾನೇ.

ಮಾರ್ಚ್ 18, ಮಂಗಳವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಹೊಸದೇನೂ ಇರಲಿಲ್ಲ, ಅದೇ ಗಾಣ.

ಇವತ್ತು ಅಕ್ಕ ಟ್ರಂಕ್ ಹೊರಗೆ ತಂದು ಬಿಸಿಲಿಗೆ ಇಟ್ಟಳು. ಬಟ್ಟೆಗಳನ್ನೆಲ್ಲ ಕೊಡವಿ ಮಡಿಸಿದಳು. ಹೊರಡುವ ತಯಾರಿ!

"ಪ್ರತಿ ಬೇಸಿಗೇಲೂ ಇಡ್ತಾರಲ್ರೀ," ಎಂದಳು ಇವಳು. "ನೀವು ನೋಡಿಲ್ವಾ?"

ನೋಡಿಲ್ಲ. ಈಚೆಗೆ ನೋಡಿಲ್ಲದ್ದು ಬಹಳ ಇದೆ.

ಬಾಕಿ ಇದ್ದ ಕೆಲಸವನ್ನೂ ಅಕ್ಕ ಮುಗಿಸಿಬಿಟ್ಟಿದ್ದಾಳೆ. ಹತ್ತೊಂಬತ್ತು ಕವರ್, ಪ್ರತಿಯೊಂದರ ಮೇಲೂ ಗಿರಾಕಿಯ ಹೆಸರು, ಬಲ, ಎಡ, ತಾರೀಕು. ಚಕ್ರವನ್ನು ಒರೆಸಿ ಮೇಲೆ ಹಳೆಯ ಟವೆಲ್ ಹೊದಿಸಿದ್ದಾಳೆ. ಇದನ್ನೂ ಪ್ರತಿ ಬೇಸಿಗೆಯಲ್ಲಿ ಮಾಡುತ್ತಾಳಾ ಎಂದು ಇವಳನ್ನು ಕೇಳಿದೆ.

"ಇಲ್ಲ," ಎಂದಳು.

ಮಾರ್ಚ್ 19, ಬುಧವಾರ. ಮಧ್ಯಾಹ್ನ ಮೂರು

ಅಂಗಡಿಯ ಶಟರ್ ಅರ್ಧ ಇಳಿಸಿದೆ. ಅಕ್ಕನಿಗೆ ಚೀಟಿ ಕೊಟ್ಟೆ: 'ಕಣ್ಣು ಟೆಸ್ಟ್. ಎರಡು ವರ್ಷವಾಯಿತು.' ಬಂದು ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ತಾಗುವುದಿಲ್ಲ ಅವಳಿಗೆ.

ಪರೀಕ್ಷೆಯ ದುಂಡು ಫ್ರೇಮನ್ನು ಮೂಗಿಗೆ ಏರಿಸಿದೆ. ಒಂದು ಕಣ್ಣು ಪರೀಕ್ಷೆ ಮಾಡುವಾಗ ಇನ್ನೊಂದಕ್ಕೆ ಕಪ್ಪು ಬಿಲ್ಲೆ ಹಾಕುತ್ತೇವೆ. ನಾನು ಎರಡಕ್ಕೂ ಹಾಕಿದೆ. ಈಗ ತುಟಿ ಕಾಣುವುದಿಲ್ಲ. ಚಕ್ರದ ಸದ್ದೂ ಇಲ್ಲ. ಕೇಳಿಸುತ್ತದೋ ಇಲ್ಲವೋ, ಇವತ್ತು ತೀರ್ಮಾನ.

"ಎರಡೂ ಮುಚ್ಚಿದೆಯಲ್ಲೋ," ಎಂದಳು.

ಎದುರಿನ ಸ್ಟೂಲ್ ಎಳೆದುಕೊಂಡು ಹತ್ತಿರ ಕೂತೆ. 'ಇಲಿ' ಅನ್ನಬೇಕೆಂದು ಯೋಚಿಸಿದ್ದೆ. ಇಲಿ ಎಂದರೆ ಅಕ್ಕ ಮೇಜು ಹತ್ತುವವಳು. ಕೇಳಿಸಿದರೆ ಗೊತ್ತಾಗಿಬಿಡುತ್ತದೆ. ಬಾಯಿ ತೆರೆದೆ. ಬಂದದ್ದು ಬೇರೆ.

"ಅಕ್ಕಾ, ಹೋಗಬೇಡ."

ಗಟ್ಟಿಯಾಗಿ ಅಲ್ಲ. ಮನೆಯವರ ಹತ್ತಿರ ಮಾತಾಡುವಷ್ಟೇ ದನಿ.

ಅಕ್ಕ ಫ್ರೇಮಿನ ಕಡ್ಡಿಯನ್ನು ಕಿವಿಯ ಹಿಂದೆ ಸರಿಮಾಡಿಕೊಂಡಳು. ಬೀದಿಯಲ್ಲಿ ಒಂದು ಸ್ಕೂಟರ್ ಹೋಯಿತು. ಕೇಳಿಸಿಲ್ಲ ಎಂದುಕೊಂಡೆ. ಆಗ ಸಮಾಧಾನವಾಯಿತೋ ಬೇಸರವಾಯಿತೋ, ಈಗಲೂ ಹೇಳಲಾರೆ. ಬಿಲ್ಲೆ ತೆಗೆಯಲು ಕೈ ಚಾಚಿದೆ.

"ಮೊದಲನೇದಾ, ಎರಡನೇದಾ?" ಎಂದಳು ಅಕ್ಕ.

ಕೈ ಅಲ್ಲೇ ನಿಂತಿತು.

"ಅವತ್ತು ಹಾರುವಾಗ ಮೇಲೆ ಅಂದಿದ್ದಾ, ಈಗ ಅಂದಿದ್ದಾ? ಯಾವುದು ಕ್ಲಿಯರ್ ಪುಟ್ಟಾ? ಸರಿಯಾಗಿ ನೋಡಿ ಹೇಳು. ಅವಸರ ಇಲ್ಲ."

ಸಾವಿರಾರು ಜನರನ್ನು ಕೇಳಿದ ಪ್ರಶ್ನೆ. ಉತ್ತರ ಹೇಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಎರಡೂ ನಾನೇ ಅಂದದ್ದು. ಅನ್ನುವಾಗ ಎರಡೂ ನಿಜವೇ ಆಗಿತ್ತು.

ಅವಳೇ ಫ್ರೇಮ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸಿಟ್ಟು ಕಾಣಲಿಲ್ಲ. ಕಂಡಿದ್ದರೆ ಒಳ್ಳೆಯದಿತ್ತು.

"ಚಕ್ರ ನಿಂತಿರೋವಾಗ ಹತ್ತಿರ ಕೂತು ಮಾತಾಡಿದ್ರೆ ಸ್ವಲ್ಪ ಕೇಳುತ್ತೆ ಕಣೋ," ಎಂದಳು. "ನೀನು ಕೂತಿದ್ದೇ ಇಲ್ಲ."

ಕುರ್ಚಿಯಿಂದ ಇಳಿದು ಹಿಂದಿನ ರೂಮಿಗೆ ಹೋದಳು. ನಾನು ಶಟರ್ ಎತ್ತಲಿಲ್ಲ.

ಮಾರ್ಚ್ 20, ಗುರುವಾರ. ಬೆಳಿಗ್ಗೆ ಹತ್ತೂವರೆ

ಇಂಜಿನಿಯರ್ ಹೇಳಿದ್ದಕ್ಕಿಂತ ಮೊದಲೇ ಬಂದ. ನಾನು ಇನ್ನೂ ಯಾವುದನ್ನೂ ಹೇಳಿಲ್ಲ, ಅವನಿಗೂ, ಅಕ್ಕನಿಗೂ. ಕೌಂಟರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಬರೆದರೆ ಧೈರ್ಯ ಬರುತ್ತದೋ ಎಂದು. ಹಿಂದಿನ ರೂಮಿನ ಬಾಗಿಲು ತೆರೆದಿದೆ. ಅವನ ಅಳತೆಯ ಟೇಪು ಸರ್ರನೆ ಬಿಚ್ಚಿ ಮುಚ್ಚುವ ಸದ್ದು. ಇವಳು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಬಾಯಿಗೆ ಸೆರಗಿಲ್ಲ.

ಅಕ್ಕ ತನ್ನ ಮಂಚದ ತುದಿಯಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಟ್ರಂಕ್. ಮುಚ್ಚಳ ಹಾಕಿದೆ. ಚಿಲಕ ಹಾಕಿಲ್ಲ.

"ಅಮ್ಮಾ," ಎಂದ ಇಂಜಿನಿಯರ್. ಹತ್ತಿರವೇ ನಿಂತಿದ್ದಾನೆ. ಚಕ್ರ ನಿಂತಿದೆ. "ಈ ಮಂಚ ಎಲ್ಲಿಗೆ ಹೋಗುತ್ತೆ?"

ಅಕ್ಕ ತಲೆ ಎತ್ತಿದಳು. ಕೇಳಿಸಿದೆ. ಈ ಸಲ ನನಗೆ ಅನುಮಾನವಿಲ್ಲ, ಕೇಳಿಸಿದೆ. ಬಾಗಿಲ ಕಡೆ ತಿರುಗಿ ನನ್ನ ತುಟಿ ನೋಡುತ್ತಿದ್ದಾಳೆ.

ಎದ್ದೆ. ನಿಂತುಕೊಂಡೇ ಬರೆಯುತ್ತಿದ್ದೇನೆ. ಮಂಚ ಎಲ್ಲಿಗೂ…