ಬೀಗ ತೆಗೆದ ಸುದ್ದಿ

ಸಂಪಾದಕ ರಾಮಲಿಂಗಯ್ಯ ಸರ್,

ನೀವು ತೀರಿಕೊಂಡು ನಾಲ್ಕು ತಿಂಗಳಾಯಿತು. ಈ ಪತ್ರಕ್ಕೆ ವಿಳಾಸ ಬರೆಯುವ ಕೆಲಸವಿಲ್ಲ.

ಆಸ್ಪತ್ರೆಯಲ್ಲಿ ನೀವು ಕೊನೆಗೆ ಕೇಳಿದ್ದು, “ಧನುಶ್ರೀ, ಸಂಸತ್ತಿನ ಪ್ರಶ್ನೋತ್ತರದ ಅಂಕಣ ಬತ್ತಾ ಐತೇನವ್ವ?” ಎಂದು. “ಬರ್ತಿದೆ ಸರ್” ಎಂದೆ. ಆ ವಾರ ನಮ್ಮ ಪತ್ರಿಕೆಯ ಆ ಜಾಗದಲ್ಲಿ ಸೀರೆ ಅಂಗಡಿಯ ಜಾಹೀರಾತು ಇತ್ತು.

ನಿಮ್ಮ ತಿಥಿ ಮುಗಿದ ವಾರದಿಂದ ಅಂಕಣವನ್ನು ಮತ್ತೆ ಹಾಕುತ್ತಿದ್ದೇನೆ. ಹೋದ ತಿಂಗಳು ನಮ್ಮ ರಾಮನಗರದ ಕಚೇರಿಗೆ, ರೇಷ್ಮೆ ನೂಲು ತೆಗೆಯುವ ಶರ್ಫುನ್ನೀಸಾ ಎಂಬ ಹೆಂಗಸು ಆ ಪುಟ ಹಿಡಿದು ಬಂದರು. ನೂಲು ತೆಗೆಯುವವರ ಮಕ್ಕಳಿಗಾಗಿ ನಮ್ಮೂರಲ್ಲಿ ಶಿಶುಪಾಲನಾ ಕೇಂದ್ರ ನಡೆಯುತ್ತಿದೆ ಎಂದು ಮಂತ್ರಿಯೊಬ್ಬರು ಲೋಕಸಭೆಯಲ್ಲಿ ಕೊಟ್ಟ ಉತ್ತರ ಅದರಲ್ಲಿತ್ತು.

“ಇದು ಎಲ್ಲೈತೆ ಹೇಳಮ್ಮ. ಮೊಮ್ಮಗಳನ್ನ ಬುಟ್ಟು ಕೆಲ್ಸಕ್ಕೆ ಹೋಗ್ಬೇಕು” ಎಂದರು. ದೂರಲು ಬಂದವರಲ್ಲ, ದಾರಿ ಕೇಳಲು ಬಂದವರು.

ಇಬ್ಬರೂ ಹುಡುಕಿಕೊಂಡು ಹೋದೆವು. ಸುಣ್ಣ ಬಳಿದ ಕೋಣೆಯೇನೋ ಇತ್ತು, ಬಾಗಿಲಿಗೆ ಬೀಗ ಬಿದ್ದಿತ್ತು. ಆ ಬೀಗದ ಫೋಟೊವನ್ನು ಮಂತ್ರಿಯ ಉತ್ತರದ ಪಕ್ಕದಲ್ಲೇ ಅಚ್ಚು ಹಾಕಿದೆ. ಸಂಸದರೊಬ್ಬರು ಅದನ್ನು ಓದಿ ಸದನದಲ್ಲಿ ಮತ್ತೆ ಪ್ರಶ್ನೆ ಎತ್ತಿದರು.

ಈವತ್ತು ಬೆಳಿಗ್ಗೆ ಆ ಬಾಗಿಲು ತೆರೆಯಿತು. ಹದಿನಾಲ್ಕು ಮಕ್ಕಳು ಬಂದಿದ್ದವು. ಶರ್ಫುನ್ನೀಸಾ ತಮ್ಮ ಸೆರಗು ಹಿಡಿದಿದ್ದ ಮೊಮ್ಮಗಳ ಕೈ ಬಿಡಿಸಿ, “ಒಸಿ ಹೊತ್ತು ಅಳ್ತಾಳೆ, ಆಮೇಲೆ ಸರಿಹೋಯ್ತಾಳೆ” ಎಂದು ಹೇಳಿ ಹಿಂತಿರುಗಿ ನೋಡದೆ ಕೆಲಸಕ್ಕೆ ನಡೆದರು.

ಫೋಟೊ ತೆಗೆದಾಗಿತ್ತು, ನಾನು ಹೊರಡಬಹುದಿತ್ತು. ಆದರೂ ಆ ಮಗು ಅಳು ನಿಲ್ಲಿಸಿ, ಪಕ್ಕದ ಹುಡುಗಿಯ ಮರದ ಗೊಂಬೆಗೆ ಕೈ ಚಾಚುವವರೆಗೂ ಕಿಟಕಿಯ ಹೊರಗೇ ನಿಂತಿದ್ದೆ.

ನಿಮ್ಮ ಧನುಶ್ರೀ