ಬೇರೆಯವರ ಹೆಣ

೧೨ ಜೂನ್ ೨೦೦೦, ಸೋಮವಾರ. ಖಾನಾಪುರ

ಬೆಳಿಗ್ಗೆ ಪಾಸ್‌ಪೋರ್ಟ್ ವಿಚಾರಣೆ. ಹತ್ತಕ್ಕೆ ಒಂದು ಎಮ್ಮೆ, ಇಬ್ಬರು ಮಾಲೀಕರು — ಎಮ್ಮೆಯನ್ನೇ ಬಿಟ್ಟು ನೋಡಿದೆ, ಸೀದಾ ತನ್ನ ಮನೆಗೆ ಹೋಯಿತು. ಹನ್ನೆರಡಕ್ಕೆ ಕಾಲೇಜಿನಲ್ಲಿ ಭಾಷಣ: ‘ಪೊಲೀಸ್ ಕೆಲಸದಲ್ಲಿ ಎಷ್ಟೊಂದು ಬಗೆ’. ಹುಡುಗರು ಚಪ್ಪಾಳೆ ತಟ್ಟುತ್ತಿರುವಾಗಲೇ ಹೆಡ್ ಕಾನ್‌ಸ್ಟೇಬಲ್ ಬಾಬಾಜಾನ ಬಾಗಿಲಲ್ಲಿ ನಿಂತು ಕೈ ಮಾಡಿದರು. ಲೋಂಡಾ ಕಾಡಿನಲ್ಲಿ ಹೆಣ.

ಪಿಎಸ್‌ಐ ಆದ ಮೇಲೆ ನನಗೆ ಇದು ಮೊದಲನೆಯದು. ಗಂಡಸು, ಮೂವತ್ತರ ಆಸುಪಾಸು. ಮುಖ ಉಳಿದಿಲ್ಲ. ಬಾಬಾಜಾನ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಕೊಟ್ಟರು. ‘ಮೂಗಿಗೆ ಹಿಡೀರಿ ಸಾಹೇಬ್ರ. ನೋಡೂದ ನೋಡಾಕ ಬೇಕು.’

ನೋಡಿದೆ. ಪಂಚನಾಮೆ ಬರೆದೆ. ಊಟ ಸೇರಲಿಲ್ಲ.

೧೪ ಜೂನ್

ಬೆಳಗಾವಿಯ ವಡಗಾವಿಯಿಂದ ಪ್ರಮಿಳಾ ಎಂಬಾಕೆ ಬಂದಳು. ಮಗ್ಗ ನೇಯುವವಳು. ಗಂಡ ಕಲ್ಮೇಶ ಕಾಣೆಯಾಗಿ ಇಪ್ಪತ್ತು ದಿನ. ಅವನ ಫೋಟೊ ತಂದಿದ್ದಳು. ಹೆಣದ ಮುಂದೆ ಬಹಳ ಹೊತ್ತು ನಿಂತಳು.

‘ಇವರ ರೀ.’

ಹಾವು ಕಡಿದಿರಬೇಕು ಎಂದರು ಡಾಕ್ಟರು. ಹೆಣ ಊರಿಗೆ ಒಯ್ಯುವ ಸ್ಥಿತಿಯಲ್ಲಿರಲಿಲ್ಲ. ಇಲ್ಲೇ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು.

೨ ಸೆಪ್ಟೆಂಬರ್

ಎರಡೇ ದಿನದಲ್ಲಿ ಗುರುತು ಪತ್ತೆ ಮಾಡಿದ್ದಕ್ಕೆ ಸರ್ವಿಸ್ ಬುಕ್‌ನಲ್ಲಿ ಮೆಚ್ಚುಗೆಯ ಸಾಲು! ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಮರಣೋತ್ತರ ಪರೀಕ್ಷೆಯ ವರದಿಯೂ ಇವತ್ತೇ ಬಂತು. ಫೈಲಿಗೆ ಸೇರಿಸಿ ಸಹಿ ಹಾಕಿದೆ. ಮುಗಿಯಿತು.

೧೯ ಮಾರ್ಚ್ ೨೦೦೧. ಲೋಂಡಾ, ಮಧ್ಯಾಹ್ನ ೩

ಮಡಗಾಂವದಿಂದ ಒಬ್ಬ ಆರೋಪಿಯನ್ನು ಕರೆತರುತ್ತಿದ್ದೇವೆ. ಇಲ್ಲಿ ರೈಲು ಬದಲು. ಚಹಾ ಮಾರುವವನು ಕಪ್ಪು ಚಾಚಿದ. ಆ ಮುಖ… ಎಲ್ಲಿ ನೋಡಿದ್ದೇನೆ? ಫೈಲಿನ ಫೋಟೊ! ಮೆಲ್ಲಗೆ ‘ಕಲ್ಮೇಶ’ ಎಂದೆ.

‘ಯಾರ್ರಿ?’ ಎಂದ. ಎಂದವನೇ ಮೆತ್ತಗಾದ.

ಸತ್ತವನ ಕೈಯಿಂದ ಚಹಾ ತೆಗೆದುಕೊಂಡು ನಿಂತಿದ್ದೇನೆ.

‘ಮನಿಗೆ ಹೇಳಬ್ಯಾಡ್ರಿ ಸಾಹೇಬ್ರ. ಜಗಳಾಡಿ ಬಂದೀನಿ. ಹೊಳ್ಳಿ ಹೋಗಾಂವಲ್ಲ ನಾ.’ ತಡೆದು ಕೇಳಿದ, ‘ಅಕಿ ಹುಡುಕಿದಳೇನ್ರಿ?’

‘ಹುಡುಕಿದಳು. ಮಣ್ಣೂ ಮಾಡಿದಳು.’

ಕಿಟ್ಲಿ ಕೆಳಗಿಟ್ಟು ಅಲ್ಲೇ ಕೂತ.

೨೦ ಮಾರ್ಚ್

ಫೈಲ್ ತೆಗೆದೆ. ಮರಣೋತ್ತರ ವರದಿ, ಎರಡನೇ ಪುಟ: ಬಲಗಾಲಿನ ಮೂಳೆಯಲ್ಲಿ ಹಳೆಯ ಸ್ಟೀಲ್ ರಾಡ್. ಕಲ್ಮೇಶನ ಕಾಲಿಗೆ ಯಾವತ್ತೂ ಏನೂ ಆಗಿಲ್ಲ, ಲೋಂಡಾ ಸ್ಟೇಷನ್ನಿಗೆ ಫೋನ್ ಮಾಡಿ ಅವನನ್ನೇ ಕೇಳಿದೆ. ಈ ಸಾಲನ್ನು ನಾನು ಅಂದು ಓದಿಯೇ ಇರಲಿಲ್ಲ. ಓದದೆ ಸಹಿ ಹಾಕಿದ್ದೇನೆ!

ಹಾಗಾದರೆ ಮಣ್ಣಿನಲ್ಲಿರುವುದು ಯಾರು?

ಬಾಬಾಜಾನ ಹೇಳಿದರು, ‘ಮುಚ್ಚಿದ ಫೈಲ್ ಐತ್ರಿ. ತೆಗೆದ್ರ ಮೊದಲ ನಿಮ್ಮ ಕುತ್ತಿಗಿಗೇ ಬರತೈತಿ.’ ಸ್ವಲ್ಪ ಹೊತ್ತಾದ ಮೇಲೆ ಅವರೇ ಕಾಣೆಯಾದವರ ಪಟ್ಟಿಗಳ ಕಟ್ಟು ತಂದು ಮೇಜಿನ ಮೇಲಿಟ್ಟರು.

೨೧ ಮಾರ್ಚ್. ಬೆಳಗಾವಿ

ವಡಗಾವಿ. ಓಣಿ ತುಂಬ ಮಗ್ಗದ ಸದ್ದು. ಪ್ರಮಿಳಾ ಕೆಲಸ ನಿಲ್ಲಿಸಿ ‘ಕುಂದರ್ರಿ’ ಎಂದಳು. ಕಲ್ಮೇಶ ಬದುಕಿದ್ದಾನೆ ಎಂದೆ. ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ.

‘ಇರಬೇಕು,’ ಎಂದಳು. ‘ಅದು ಅವರಲ್ಲಂತ ಅವತ್ತ ಗೊತ್ತಿತ್ರಿ.’

‘ಮತ್ತೆ ನಿನ್ನ ಗಂಡ ಅಂದದ್ದೇಕೆ?’ ಎಂದೆ.

‘ಅವರ ಪಾದ ನನಗ ಗೊತ್ತಿಲ್ಲೇನ್ರಿ? ದಿನಾ ಒದಿಯೂ ಪಾದ. ಓಡಿಹೋದಾವನ ಹೆಂಡ್ತಿ ಅಂತ ಮೈದುನ ಮನಿ ಬಿಡಸಾಕ ನಿಂತಿದ್ದ. ಸತ್ತಾವನ ಹೆಂಡ್ತಿ ಆದ್ರ ಈ ಮಗ್ಗ ಒಂದರ ಉಳೀತಿತ್ತು. ಆ ಹೆಣಕ್ಕೂ ಯಾರೂ ಬಂದಿರಲಿಲ್ಲ, ನನಗೂ ಯಾರೂ ಇರಲಿಲ್ಲ. ನನ್ನಾಂವ ಅಂದೆ. ಅಮಾಸಿಗೊಮ್ಮೆ ಖಾನಾಪುರಕ್ಕ ಹೋಗಿ ಎಡಿ ಇಟ್ಟ ಬರತೀನ್ರಿ. ಖರೇ.’

‘ಅವನ ಮನೆಯವರು ಯಾರಾದರೂ ಕಾಯುತ್ತಿದ್ದರೆ?’

ಆಗ ಮುಖ ಬಿಳುಚಿತು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ನಾನೂ.

೨೩ ಮಾರ್ಚ್

ಕಾಣೆಯಾದವರ ಕಟ್ಟಿನಲ್ಲಿ ಸಿಕ್ಕಿತು. ಸೋಮಲಿಂಗ, ಲಾರಿ ಕ್ಲೀನರ್, ಅಳ್ನಾವರ. ಅಪಘಾತವಾಗಿ ಬಲಗಾಲಿಗೆ ರಾಡ್. ದೂರು ಕೊಟ್ಟವಳು ತಾಯಿ ಸಾತವ್ವ. ಅಲ್ಲಿಂದ ಬಂದ ಕಾಗದ ಒಂಬತ್ತು ತಿಂಗಳಿಂದ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು…

ವರದಿ ಬರೆದು ಬೆಳಗಾವಿಗೆ ಕಳಿಸಿದೆ. ತಪ್ಪಿತಸ್ಥರಲ್ಲಿ ಮೊದಲು ನನ್ನ ಹೆಸರು. ಆಮೇಲೆ ಪ್ರಮಿಳಾಳದು. ಅವಳ ಹೆಸರು ಬರೆಯಲು ಹೆಚ್ಚು ಹೊತ್ತು ಹಿಡಿಯಿತು.

೨೪ ಮಾರ್ಚ್. ಅಳ್ನಾವರ ಬಸ್ ಸ್ಟ್ಯಾಂಡ್

ಸಾತವ್ವ ಕುರಿಗೆ ಸೊಪ್ಪು ಹಾಕುತ್ತಿದ್ದಳು. ಯೂನಿಫಾರ್ಮ್ ಕಂಡು ಸೊಪ್ಪು ಕೈಯಿಂದ ಜಾರಿತು. ಎಲ್ಲ ಹೇಳಿದೆ, ನಾನು ಹಾಕಿದ ಸಹಿಯನ್ನೂ. ಬೈಯಲಿ ಎಂದು ಕಾದೆ.

‘ಮಣ್ಣ ಕೊಡಾಕ ಯಾರರ ಇದ್ರೇನ್ರಿ?’

‘ಒಬ್ಬಾಕಿ ಹೆಣ್ಮಗಳು ಇದ್ದಳು ಯವ್ವಾ. ಅಮಾಸಿಗೆ ಎಡೀನೂ ಇಡತಾಳ.’

ಒಳಗೆ ಹೋದಳು. ಅಳುವುದು ಕೇಳಿಸಿತು. ಹೊರಬಂದಾಗ ಮುಖ ತೊಳೆದಿದ್ದಳು, ಕೈಯಲ್ಲಿ ಚೀಲ.

‘ಅಕಿ ಮನಿಗೆ ಕರಕೊಂಡ ನಡೀರಿ.’

‘ಸುಳ್ಳು ಹೇಳಿದಾಳಂತ ಅಕಿ ಮ್ಯಾಲ ಕೇಸ್ ಆಗತೈತಿ ಯವ್ವಾ.’

‘ಅದು ನಿಮ್ಮ ಕೆಲಸ. ಇಷ್ಟ ದಿನ ನನ್ನ ಮಗನ್ನ ನೋಡಿಕೊಂಡಾಕಿ ಅಕಿ. ನಾ ಅಕಿನ್ನ ಒಮ್ಮಿ ನೋಡಬೇಕು.’

ಅವಳ ಜೊತೆ ಬಸ್ ಸ್ಟ್ಯಾಂಡಿಗೆ ಬಂದೆ. ಬೆಳಗಾವಿ ಬಸ್ಸು ಬಂತು. ಸಾತವ್ವ ಆಗಲೇ ಹತ್ತಿದ್ದಾಳೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಕರೆಯುತ್ತಿದ್ದಾಳೆ, ‘ಸಾಹೇಬ್ರ, ಜಾಗಾ ಹಿಡದೀನಿ, ಬರ್ರಿ—’